ಅಣ್ಣನ ಪಾಲಿನ ಕಾರು

ಆಸ್ತಿ ಹಿಸೆಯಾದಾಗ ಅಪ್ಪನ ಹಳೆಯ ಕಾರು ಅಣ್ಣನ ಪಾಲಿಗೆ ಹೋಯಿತು. ರಿಪೇರಿ ಕಲಿತವನು ನಾನು, ಕಾರು ಅವನಿಗೆ! ಅವನು ಅದರಲ್ಲಿ ಶಿರಸಿ ಪೇಟೆಗೆ ಬಂದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ.

ಮೊನ್ನೆ ಅವನ ಫೋನು. "ತಮಾ, ಇಂಜಿನ್ ಶುರುವಾದ್ರೂ ಸ್ಟಾರ್ಟರ್ ಬಿಡ್ತಾ ಇಲ್ಲೆ, ಕಿರುಚ್ತಾ ಇದ್ದು."

ಬ್ಯಾಟರಿಯ ತಂತಿ ಕಳಚಲು ಹೇಳಿ ಓಡಿದೆ. ಸ್ಟಾರ್ಟರ್ ಬಿಚ್ಚಿದರೆ ಒಳಗೆಲ್ಲ ತೆಂಗಿನೆಣ್ಣೆ! ಆಯುಧಪೂಜೆಗೆಂದು ಅಣ್ಣ ಅದನ್ನು ಬಿಚ್ಚಿ ತೊಳೆದು, ಹಲ್ಲುಚಕ್ರ ಹಿಂದೆಮುಂದೆ ಸರಿಯುವ, ಒಣಗಿರಬೇಕಾದ ದಂಡಕ್ಕೆ ಭಕ್ತಿಯಿಂದ ಸವರಿದ್ದಾನೆ. ಎಣ್ಣೆಗೆ ಧೂಳು ಮೆತ್ತಿ, ಹಲ್ಲುಚಕ್ರ ಹಿಂದೆ ಸರಿಯದೆ ಇಂಜಿನ್ನಿಗೆ ಕಚ್ಚಿಕೊಂಡಿತ್ತು.

ಪೆಟ್ರೋಲಿನಲ್ಲಿ ಒರೆಸಿ ಕೂರಿಸಿದೆ. ಹಾಳಾದ ಕಾರು ಅವನ ಕೈಗೇ ಒಂದೇ ಸಲಕ್ಕೆ ಶುರುವಾಯಿತು.

"ಎಂತ ಆಗಿತ್ತೋ?" ಎಂದ ಅಣ್ಣ.

"ಹಳೇ ಗಾಡಿ, ಹಿಂಗೇ ಆಗ್ತು," ಎಂದೆ.

ಎಣ್ಣೆಯ ಮಾತೆತ್ತಲಿಲ್ಲ. ಮುಂದಿನ ಆಯುಧಪೂಜೆಗೂ ಸವರಲಿ, ನನ್ನನ್ನೇ ಕರೆಯಲಿ.