ತಾಯಮ್ಮನ ಕೈಗೆ ನೀರು

ಯಸಳೂರು ಕಡೆಯ ಗುಡ್ಡದ ಮೇಲಿದ್ದ ಪುಟ್ಟ ಚರ್ಚಿನಲ್ಲಿ ಹಬ್ಬದೂಟ ಅಂದರೆ ತಾಯಮ್ಮನ ಹಂದಿ ಸಾರು. ಎಸ್ಟೇಟ್ ಬಂಗಲೆಯ ಅಡುಗೆಮನೆಯಲ್ಲಿ ಪಳಗಿದ ಕೈ ಅವಳದು. ಹೊರಗೆ ಅವಳು ಕರಿಮೆಣಸು ಹುರಿಯತೊಡಗಿದರೆ, ಒಳಗೆ ಫಾದರ್ ಪ್ರಸಂಗ ತಾನಾಗಿಯೇ ಗಿಡ್ಡವಾಗುತ್ತಿತ್ತು.

ಅವಳು ಹುಟ್ಟಿದ್ದು ಕುಂದೂರಿನ ಹತ್ತಿರದ ಒಂದು ಕೇರಿಯಲ್ಲಿ. ಮದುವೆಯಾಗಿ ಎಸ್ಟೇಟಿನ ಕೂಲಿಯಾಳುಗಳ ಲೈನ್ ಮನೆಗೆ ಬಂದ ಮೇಲೆ ಗಂಡನ ಜೊತೆ ಅವಳೂ ದೀಕ್ಷಾಸ್ನಾನ ಪಡೆದಳು. ಗಟ್ಟಿ ಗಂಟಲು, ಅದಕ್ಕಿಂತ ಗಟ್ಟಿ ನಗು. ಚರ್ಚೆಂದರೆ ಅವಳಿಗೆ ಪ್ರಾಣ. ಆದರೂ ಹಬ್ಬದೂಟಕ್ಕೆ ಅಲ್ಲಿ ಎರಡು ಪಂಕ್ತಿ. ತೋಟದ ಮಾಲೀಕರು, ಲೆಕ್ಕ ಬರೆಯುವ ರೈಟರುಗಳು, ಪೇಟೆಯವರು ಮೊದಲು, ಲೈನಿನವರು ಆಮೇಲೆ. ಹೀಗೆಂದು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ತಾಯಮ್ಮ ಜಗಳಕ್ಕೆ ಹೋಗದೆ, ಒಳ್ಳೊಳ್ಳೆ ತುಂಡುಗಳನ್ನು ಹಂಡೆಯ ತಳದಲ್ಲೇ ಉಳಿಸಿಕೊಂಡು ಎರಡನೇ ಪಂಕ್ತಿಗೆ ಬಡಿಸುತ್ತಿದ್ದಳು.

ಎರಡು ಸಾವಿರದ ಆರರ ಸುಮಾರಿಗೆ ಕಾಫಿ ಕುಯ್ಯಲು ಹೊಸ ಆಳುಗಳು ಬಂದರು. ಊರವರು ಅವರನ್ನೆಲ್ಲ 'ಅಸ್ಸಾಮಿಗಳು' ಅಂದುಬಿಟ್ಟರು. ಭಾನುವಾರ ನೋಡಿದರೆ ಅವರ ಕೊರಳಲ್ಲೂ ಶಿಲುಬೆ! ಚರ್ಚಿನ ಹಿಂದಿನ ಗೋಡೆಗೆ ಒತ್ತಿಕೊಂಡು ನಿಂತರು. ಬೆಂಚು ಖಾಲಿಯಿದ್ದರೂ ಬನ್ನಿ ಕೂರಿ ಅನ್ನುವವರಿಲ್ಲ.

ತಾಯಮ್ಮನೂ ಕರೆಯಲಿಲ್ಲ. "ಹಿಂದ್ಗಡೆ ಜಾಗ ಒಂದಾದ್ರೂ ನಮ್ದು ಅಂತ ಇತ್ತು, ಅದ್ನೂ ಇವ್ರು ಹಿಡ್ಕಂಡ್ರು" ಎಂದು ನಕ್ಕಳು. ಆದರೆ ಅವರಲ್ಲಿ ಸಲೋಮಿ ಎಂಬ ಹೆಂಗಸಿಗೆ ಜ್ವರ ಬಂದಾಗ ಗಂಜಿ, ಮೆಣಸಿನ ಸಾರು ಹೊತ್ತುಕೊಂಡು ಹೋದವಳೂ ಅವಳೇ.

ಮೈ ಹುಷಾರಾದ ಮೇಲೆ ಸಲೋಮಿ ಅವಳನ್ನು ಊಟಕ್ಕೆ ಕರೆದಳು. ಕರೆಯನ್ನು ಮುಟ್ಟಿಸಿದವನು ಎಸ್ಟೇಟಿನ ಜೀಪ್ ಡ್ರೈವರ್ ಶಫಿ. ಹಿಂದಿ ತಿಳಿದವನಾದ್ದರಿಂದ ಅವನೂ ಜೊತೆಗೆ ಹೋದ.

ಬಾಗಿಲಲ್ಲಿ ಸಲೋಮಿ ಹಿತ್ತಾಳೆ ಚೊಂಬು, ತಟ್ಟೆ ಹಿಡಿದು ನಿಂತಿದ್ದಳು. ಕೈ ಚಾಚುವಂತೆ ಸನ್ನೆ ಮಾಡಿ, ಚೊಂಬು ಎತ್ತಿ ನೀರು ಸುರಿದಳು.

ತಾಯಮ್ಮನ ಮೈ ಉರಿದುಹೋಯಿತು. ಚಿಕ್ಕಂದಿನಲ್ಲಿ ಊರ ಹೋಟೆಲಿನ ಮುಂದೆ ಬೊಗಸೆಯೊಡ್ಡಿ ನಿಂತರೆ, ಲೋಟ ಮೈಲಿಗೆಯಾದೀತೆಂದು ಮೇಲಿಂದಲೇ ನೀರು ಹೊಯ್ಯುತ್ತಿದ್ದರು. ಅವಳು ಕೈ ಹಿಂದೆಳೆದುಕೊಂಡಳು.

"ನೀನೂ ನಂಗೆ ಹಿಂಗೆ ಹೊಯ್ಯೋದಾ? ನಾನೇನು ಮುಟ್ಟಬಾರದೋಳಾ?"

ಹೊರಟೇಬಿಟ್ಟಳು. ಸಲೋಮಿಗೆ ಮಾತು ಅರ್ಥವಾಗದಿದ್ದರೂ ಕೋಪ ಅರ್ಥವಾಯಿತು. ಕಣ್ಣಲ್ಲಿ ನೀರಾಡಿತು. ಶಫಿ ಅವಳನ್ನು ಏನೋ ಕೇಳಿ, ಹಣೆ ಚಚ್ಚಿಕೊಂಡು ಓಡಿಬಂದ.

"ನಿಲ್ಲಮ್ಮೋ! ಮನೆಗ್ ಬಂದ ದೊಡ್ಡೋರ ಕೈ ತೊಳೆಸೋದು ಅವ್ರಲ್ಲಿ ಮರ್ಯಾದೆಯಂತೆ. ಆ ಚೊಂಬೂ ನಿಂಗೋಸ್ಕರ ಪಕ್ಕದ ಮನೇಲಿ ಕೇಳಿ ತಂದವ್ಳೆ."

ತಾಯಮ್ಮ ನಿಂತಳು, ತಿರುಗಿ ಬಾಗಿಲಿಗೆ ಬಂದಳು. ಸಲೋಮಿ ಮತ್ತೆ ನೀರು ಸುರಿದು, ಚೊಂಬು ಕೆಳಗಿಟ್ಟು, ಅರಿಶಿನ ಹತ್ತಿದ ಅವಳ ಕೈಗಳನ್ನು ತನ್ನ ಕೈಯೊಳಗೆ ಹಿಡಿದು ಉಜ್ಜಿ ತೊಳೆದು, ಹೊಸ ಟವೆಲಿನಲ್ಲಿ ಒರೆಸಿದಳು. ಹಾಗೆ ತನ್ನ ಕೈಯನ್ನು ಹೆತ್ತವ್ವನ ಹೊರತು ಯಾರೂ ಹಿಡಿದದ್ದು ತಾಯಮ್ಮನಿಗೆ ನೆನಪಿರಲಿಲ್ಲ. ಊಟಕ್ಕೆ ಕೂತಾಗ ಹೋಟೆಲಿನ ಕಥೆ ಹೇಳಿದಳು. ಶಫಿ ತಿಳಿಸುತ್ತ ಹೋದ, ಸಲೋಮಿ ತಲೆಯಾಡಿಸಿದಳು. ಕೊನೆಗೆ ಮೆಲ್ಲಗೆ, "ಆಂಟಿ, ಅಸ್ಸಾಮ್ ಅಲ್ಲ. ಝಾರ್ಖಂಡ್" ಎಂದಳು.

"ಆಯ್ತು ಕಣವ್ವ, ತಪ್ಪಾಯ್ತು. ಝಾರ್ಕಂಡ!"

ಆ ಸಲದ ಹಬ್ಬಕ್ಕೆ ಮುಂಚೆ ತಾಯಮ್ಮ ಫಾದರ್ ಹತ್ತಿರ ಹೋಗಿ, ಊಟಕ್ಕೆ ಬಂದವರಿಗೆಲ್ಲ ಸಲೋಮಿಯ ಕಡೆಯವರು ತಮ್ಮ ಪದ್ಧತಿಯಂತೆ ಕೈ ತೊಳೆಸಲಿ ಅಂದಳು. ಫಾದರ್ ಖುಷಿಯಿಂದ ಒಪ್ಪಿದರು.

ಪೂಜೆ ಮುಗಿಯಿತು. ಶಾಮಿಯಾನದ ಬಾಗಿಲಲ್ಲಿ ಕೆಂಪಂಚಿನ ಬಿಳಿ ಸೀರೆಯುಟ್ಟ ಸಲೋಮಿಯ ಕಡೆಯ ಹೆಂಗಸರು ಚೊಂಬು ಹಿಡಿದು ನಿಂತಿದ್ದರು. ಬಾಗಿಲು ಒಂದೇ ಆದ್ದರಿಂದ ಸಾಲೂ ಒಂದೇ ಆಯಿತು. ಮುಂದೆ ತೋಟದ ಮಾಲೀಕ ಲಾರೆನ್ಸ್ ರೇಗೊ, ಅವರ ಹಿಂದೆ ಸಲೋಮಿಯ ಗಂಡ, ಅವನ ಹಿಂದೆ ಸ್ಟೋರಿನ ರೈಟರು. ಕೈ ತೊಳೆದವರು ತೊಳೆದ ಹಾಗೇ ಹೋಗಿ ಎಲೆ ಮುಂದೆ ಕೂತರು.

ಲಾರೆನ್ಸ್ ಮಾತ್ರ ಕೂರದೆ ತಿರುಗಿ ನೋಡಿದರು. "ಇದೆಂತ ತಾಯಮ್ಮ? ಲೈನಿನವರದ್ದು ಆಮೇಲಲ್ವಾ?"

"ಕೈ ತೊಳೆದ್ ಮ್ಯಾಲೆ ಕಾಯ್ಸಬಾರ್ದು ಕಣ್ರೀ. ಸಾರು ಬ್ಯಾರೆ ಆರೋಯ್ತದೆ."

ಫಾದರ್ ಬಂದು ಸಲೋಮಿಯ ಗಂಡನ ಪಕ್ಕ ಕೂತುಬಿಟ್ಟರು. ಮಾಲೀಕರ ಪೈಕಿ ಎರಡು ಮನೆಯವರು ಮುಖ ದಪ್ಪ ಮಾಡಿಕೊಂಡು ಕಾರು ಹತ್ತಿದರು. ಲಾರೆನ್ಸ್ ಆ ಕಡೆ ನೋಡಿದರು, ಹಂಡೆಯ ಕಡೆ ನೋಡಿದರು. ಆಮೇಲೆ ಅಂಗಿಯ ತೋಳು ಮಡಚಿ ಕೂತೇಬಿಟ್ಟರು. ಎರಡನೇ ಸಲ ಸಾರು ಹಾಕಿಸಿಕೊಳ್ಳುವ ಹೊತ್ತಿಗೆ, ಪಕ್ಕ ಕೂತಿದ್ದ ಝಾರ್ಖಂಡಿನವನ ಊರಲ್ಲಿ ಭತ್ತ ಹೇಗೆ ಬೆಳೆಯುತ್ತಾರೆಂದು ಹರಕು ಹಿಂದಿಯಲ್ಲಿ ವಿಚಾರಿಸುತ್ತಿದ್ದರು.

ಸಲೋಮಿ ಬಂದು ತಾಯಮ್ಮನ ಕೈಯಿಂದ ಸೌಟು ಕಿತ್ತುಕೊಂಡಳು. ಬೆಂಚಿನ ಮೇಲೆ ಕೂರಿಸಿ ಎಲೆ ಹಾಕಿದಳು. ಹಬ್ಬದ ದಿನ ಎಲ್ಲರ ಜೊತೆ ಕೂತು ಉಂಡು ತಾಯಮ್ಮನಿಗೆ ರೂಢಿಯೇ ಇಲ್ಲ. ಸಂಕೋಚದಿಂದ ಒಂದು ತುತ್ತು ಬಾಯಿಗಿಟ್ಟವಳು ಗಕ್ಕನೆ ತಲೆಯೆತ್ತಿದಳು.

"ಅಯ್ಯಯ್ಯೋ, ಉಪ್ಪು ಕಮ್ಮಿ ಆಗೈತಲ್ರೀ! ಯಾರೂ ಯಾಕ್ ಹೇಳ್ಲಿಲ್ಲ?"

"ಹೇಳಿ ನಿಮಗೆ ಸಿಟ್ಟು ಬಂದ್ರೆ ಮತ್ತೆ ಬಡಿಸ್ತಿದ್ರಾ ಮಾರಾಯ್ರೆ?" ಎಂದರು ಲಾರೆನ್ಸ್, ಬಾಯಿ ತುಂಬ ಅನ್ನ ಇಟ್ಟುಕೊಂಡೇ.