ಮುದ್ದಮ್ಮನವರು ಬೇಡವೆಂದ ಕೊಬ್ಬರಿ

ಅರಸೀಕೆರೆಯ ಕೊಬ್ಬರಿಯ ಮಾತು ಬಂದಾಗ ಜನ ತೋಟದವರನ್ನು ನೆನೆಯುತ್ತಾರೆ, ಮಂಡಿಯವರನ್ನು ನೆನೆಯುತ್ತಾರೆ, ಹರಾಜಿನ ದಿನದ ಧಾರಣೆಯನ್ನು ನೆನೆಯುತ್ತಾರೆ. ಆ ಕೊಬ್ಬರಿಯನ್ನು ಒಂದೊಂದಾಗಿ ಕೈಗೆತ್ತಿಕೊಂಡು, ಒಡೆದು, ಮೂಸಿ, ಇದು ತಿನ್ನಲು ಯೋಗ್ಯ, ಇದು ಅಲ್ಲ ಎಂದು ತೀರ್ಮಾನಿಸುವ ಹೆಂಗಸರನ್ನು ನೆನೆಯುವವರು ಕಡಿಮೆ. ನಾನು ಕಂಡಂತೆ ಅಂಥವರಲ್ಲಿ ಮೊದಲ ಹೆಸರು ಬಾಣಾವರದ ಶ್ರೀಮತಿ ಮುದ್ದಮ್ಮನವರದು. ನಮ್ಮ ಕುಟುಂಬದ ‘ಗಿರಿರುದ್ರ ಆಹಾರ ಉತ್ಪನ್ನಗಳು’ ಸಂಸ್ಥೆಯಲ್ಲಿ ಮೂವತ್ತೊಂಬತ್ತು ವರ್ಷ ದುಡಿದು, 2025ರ ಮಾರ್ಚ್ ಕೊನೆಯ ದಿನ ಅವರು ನಿವೃತ್ತರಾದರು. ಅದೇ ದಿನ ಸಂಸ್ಥೆಯ ಬಾಗಿಲೂ ಮುಚ್ಚಿತು. ಅವರೊಂದಿಗೆ ದುಡಿದ ಮುನಿಯಮ್ಮ ಮತ್ತು ಗೆಳತಿಯರು ಈ ಅಭಿನಂದನ ಗ್ರಂಥಕ್ಕೆ ಲೇಖನ ಕೇಳಿದಾಗ, ಮಾಲೀಕರ ಮಗಳೆಂದು ನನ್ನನ್ನು ಕೇಳಿದರೋ, ಮುದ್ದಮ್ಮನವರ ಶಿಷ್ಯೆಯೆಂದು ಕೇಳಿದರೋ ನಾನು ವಿಚಾರಿಸಲಿಲ್ಲ. ಶಿಷ್ಯೆಯಾಗಿ ಬರೆಯುತ್ತಿದ್ದೇನೆ.

ನನ್ನ ತಂದೆ ಷಡಕ್ಷರಪ್ಪನವರು 1978ರಲ್ಲಿ ಈ ವ್ಯವಹಾರವನ್ನು ನಮ್ಮ ಮನೆಯ ಹಿತ್ತಿಲಿನಲ್ಲಿಯೇ ಆರಂಭಿಸಿದರು. ತಾಯಿ ರುದ್ರಮ್ಮನವರು ಹುರಿದು ಕುಟ್ಟಿದ ಕೊಬ್ಬರಿ ಚಟ್ನಿಪುಡಿಯನ್ನು ತಗಡಿನ ಡಬ್ಬಿಗಳಲ್ಲಿ ತುಂಬಿ, ಸೈಕಲ್ಲಿನ ಮೇಲೆ ರೈಲು ನಿಲ್ದಾಣದ ಎದುರಿನ ಅಂಗಡಿಗಳಿಗೆ ಕೊಟ್ಟು ಬರುತ್ತಿದ್ದರು. ಗಾಡಿ ಬದಲಿಸಲು ಅರಸೀಕೆರೆಯಲ್ಲಿ ಇಳಿದವರ ಕೈಯಲ್ಲಿ ಅದು ಹುಬ್ಬಳ್ಳಿಗೂ ಮೈಸೂರಿಗೂ ಹೋಯಿತು. ಎಂಟು ವರ್ಷಗಳೊಳಗೆ ಹಾರನಹಳ್ಳಿ ರಸ್ತೆಯಲ್ಲಿ ಶೆಡ್ಡು ಎದ್ದಿತು. ಬೇಲೂರು, ಹಳೇಬೀಡು ನೋಡಲು ಬಂದವರು ಊರಿಗೆ ಒಯ್ಯುವ ಪೊಟ್ಟಣಗಳಲ್ಲಿ ನಮ್ಮದೂ ಒಂದಾಯಿತು.

ಮುದ್ದಮ್ಮನವರು ಕೆಲಸಕ್ಕೆ ಸೇರಿದ್ದು ಆ ಶೆಡ್ಡು ಎದ್ದ 1986ರಲ್ಲಿ, ತಮ್ಮ ಇಪ್ಪತ್ತೊಂದನೆಯ ವಯಸ್ಸಿನಲ್ಲಿ. ಬಾಣಾವರದಿಂದ ಬೆಳಗಿನ ರೈಲಿಗೆ ಬಂದು, ಸಂಜೆಯ ರೈಲಿಗೆ ಮರಳುತ್ತಿದ್ದರು. ಹೊರಗಿನ ಅಂಗಳದಲ್ಲಿ ಕೊಬ್ಬರಿ ಆರಿಸುವುದು ಅವರಿಗೆ ಕೊಟ್ಟ ಕೆಲಸ. ಒಳಗಿನ ಹುರಿಯುವ ಮನೆಗೆ ಅವರು ಕಾಲಿಡುವಂತಿರಲಿಲ್ಲ. ಅವರು ದಲಿತ ಕೇರಿಯವರು ಎಂಬ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೇಳುವ ಅಗತ್ಯವೂ ಯಾರಿಗೂ ಕಂಡಿರಲಿಲ್ಲ.

ಐದು ವರ್ಷಗಳ ಬಳಿಕ ಒಂದು ಬೆಳಗ್ಗೆ ಅವರು ಅಂಗಳದಲ್ಲಿ ಕುಳಿತಿದ್ದಲ್ಲಿಂದಲೇ, ಬಾಂಡಲೆಯಲ್ಲಿರುವ ಕೊಬ್ಬರಿ ಕಮಟು ಹಿಡಿದಿದೆ ಎಂದು ಕಿಟಕಿಯ ಮೂಲಕ ನನ್ನ ತಾಯಿಗೆ ತಿಳಿಸಿದರು. ಒಳಗಿದ್ದ ನಾಲ್ವರಿಗೂ ಯಾವ ವಾಸನೆಯೂ ಬಂದಿರಲಿಲ್ಲ. ತಾಯಿ ನಂಬಲಿಲ್ಲ. ಮೂರನೆಯ ದಿನ ಆ ಪುಡಿಯ ಡಬ್ಬಿ ತೆರೆದಾಗ ಮೂಗು ಮುಚ್ಚಿಕೊಳ್ಳುವಂತಾಯಿತು. ತಾಯಿ ಆಗಲೇ ಅಂಗಳಕ್ಕೆ ಹೋಗಿ, “ಮುದ್ದಿ, ನಾಳೆಯಿಂದ ಒಳಗೇ ಕೂತ್ಕೊ,” ಎಂದರು. ಹುರಿಯುವ ಹೆಂಗಸರಲ್ಲಿ ಇಬ್ಬರು ಆ ವಾರವೇ ಕೆಲಸ ಬಿಟ್ಟರು. ತಾಯಿ ಅವರನ್ನು ಮರಳಿ ಕರೆಯಲಿಲ್ಲ. ನಮ್ಮ ಮನೆಯವರು ಈ ಪ್ರಸಂಗವನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಮುದ್ದಮ್ಮನವರ ಚಹಾದ ಲೋಟ ಮಾತ್ರ ಇನ್ನೂ ಹನ್ನೆರಡು ವರ್ಷ ಕಿಟಕಿಯ ಮೇಲೆ ಬೇರೆಯಾಗಿಯೇ ಇತ್ತೆಂಬುದನ್ನು ನಾವು ಯಾರೂ ಹೇಳಿಕೊಳ್ಳುವುದಿಲ್ಲ.

ಆಹಾರ ವಿಜ್ಞಾನದಲ್ಲಿ ಪದವಿ ಪಡೆದು ನಾನು ಮೈಸೂರಿನಿಂದ ಬಂದಾಗ ಅವರೇ ಆಯ್ಕೆ ವಿಭಾಗದ ಮುಖ್ಯಸ್ಥೆ. ಕೊಬ್ಬರಿ ಹೋಳನ್ನು ಅಂಗೈಯಲ್ಲಿ ಬೆಚ್ಚಗಾಗುವವರೆಗೆ ಹಿಡಿದು, ಕಣ್ಣು ಮುಚ್ಚಿ ಮೂಸುವುದನ್ನು ಅವರು ನನಗೆ ಕಲಿಸಿದರು. ಯಂತ್ರ ತೋರಿಸುವ ಅಂಕಿಗೂ ಅವರ ಮಾತಿಗೂ ವ್ಯತ್ಯಾಸ ಬಂದಾಗಲೆಲ್ಲ ಎರಡನೆಯ ಪರೀಕ್ಷೆಯಲ್ಲಿ ಅವರ ಮಾತೇ ನಿಲ್ಲುತ್ತಿತ್ತು. ಮುನಿಯಮ್ಮನವರ ಬಲಗೈ ಬಾಂಡಲೆಯ ಅಂಚಿಗೆ ತಗಲಿ ಸುಟ್ಟಾಗ, ಅವರ ಜಾಗಕ್ಕೆ ಬೇರೆಯವರು ಬಾರದಿರಲೆಂದು ಎರಡು ತಿಂಗಳು ಅವರ ಪಾಲಿನ ಕೆಲಸವನ್ನೂ ಮುದ್ದಮ್ಮನವರೇ ಮುಗಿಸಿಕೊಟ್ಟರು. 2014ರಲ್ಲಿ ನನ್ನ ತಂದೆ ತೂಕದ ಯಂತ್ರದ ಬಳಿ ಕುಸಿದು ಬಿದ್ದಾಗ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತವರೂ ಅವರೇ. ತಂದೆ ಕೊನೆಯ ಗುಟುಕು ನೀರನ್ನು ಅವರ ಕೈಯಿಂದ ಕುಡಿದರು.

ತಂದೆಯ ನಂತರ ಅಣ್ಣ ಇಂದ್ರೇಶ್ ಆಡಳಿತ ವಹಿಸಿಕೊಂಡರು. ಮುಂದಿನದನ್ನು ಬರೆಯದೆ ಈ ಲೇಖನವನ್ನು ಮುಗಿಸಿದ್ದರೆ ಸಮಾರಂಭಕ್ಕೆ ಒಪ್ಪುತ್ತಿತ್ತು. ಆದರೆ ಗುರುವಿನ ಬಗ್ಗೆ ನಾನು ಸುಳ್ಳು ಬರೆದಂತಾಗುತ್ತಿತ್ತು, ಅದೂ ಮೊದಲ ಸಲವಲ್ಲ.

2022ರ ಮಳೆಗಾಲದ ಕೊನೆಯಲ್ಲಿ ಎರಡು ಲಾರಿ ಕೊಬ್ಬರಿ ನೆನೆದು ಬಂದಿತು. ಹಳೇಬೀಡಿನ ಕಡೆಯ ಒಂದು ವಸತಿ ಶಾಲೆಗೆ ಚಟ್ನಿಪುಡಿ ಕಳಿಸಲು ನಾಲ್ಕೇ ದಿನ ಉಳಿದಿತ್ತು. ಮುದ್ದಮ್ಮನವರು ಹೋಳುಗಳನ್ನು ಒಡೆದು, ಒಳಗೆ ಬೂಷ್ಟು ಕಟ್ಟಿರುವುದನ್ನು ತೋರಿಸಿ, ರಿಜಿಸ್ಟರಿನಲ್ಲಿ ‘ಈ ಮಾಲು ಬೇಡ’ ಎಂದು ಬರೆದು ರುಜು ಹಾಕಿದರು. ಹೆಚ್ಚು ಹುರಿದು, ಬೆಳ್ಳುಳ್ಳಿ, ಹುಣಸೆ ಜಾಸ್ತಿ ಹಾಕಿದರೆ ಸರಿಹೋಗುತ್ತದೆಂದು ಅಣ್ಣ ವಾದಿಸಿದರು.

“ವಾಸ್ನೆ ಹೋಯ್ತದೆ ಸ್ವಾಮಿ, ಬೂಷ್ಟು ಹೋಗಲ್ಲ,” ಎಂದರು ಮುದ್ದಮ್ಮ. “ತಿನ್ನೋವು ಮಕ್ಕಳು.”

ಅಣ್ಣ ಅವರನ್ನು ಒಂದು ತಿಂಗಳು ರಜೆಯ ಮೇಲೆ ಕಳಿಸಿದರು. ಗುಣಮಟ್ಟದ ಅಧಿಕಾರಿಯಾಗಿದ್ದ ನಾನು ಮುದ್ದಮ್ಮನವರು ಬರೆದಿದ್ದ ಹಾಳೆಯನ್ನು ಹರಿದು ತೆಗೆದೆ. ಮಾಲು ಯೋಗ್ಯವಾಗಿದೆಯೆಂದು ಹೊಸ ಹಾಳೆಯಲ್ಲಿ ರುಜು ಹಾಕಿದೆ. ಅಣ್ಣ ನನ್ನನ್ನು ಬೆದರಿಸಲಿಲ್ಲ, ಒತ್ತಾಯಿಸಲೂ ಇಲ್ಲ. ರಿಜಿಸ್ಟರನ್ನು ನನ್ನ ಮುಂದಿಟ್ಟು ಹೊರಗೆ ಹೋದರು, ಅಷ್ಟೆ. ಆ ಕೊಬ್ಬರಿಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಮೂಸಿಯೂ ಇದ್ದೆ. ನನಗೆ ಗೊತ್ತಿತ್ತು.

ಮೂವತ್ತೊಂದು ಮಕ್ಕಳು ಆಸ್ಪತ್ರೆ ಸೇರಿದರು. ಜೀವಕ್ಕೆ ಅಪಾಯವಾಗಲಿಲ್ಲ, ಆದರೆ ಒಬ್ಬ ಹುಡುಗಿಗೆ ಆರು ತಿಂಗಳು ಶಾಲೆಗೆ ಮರಳಲಾಗಲಿಲ್ಲ. ವಿಚಾರಣೆಗೆ ಬಂದ ಅಧಿಕಾರಿಗಳಿಗೆ ನಮ್ಮ ಸಂಸ್ಥೆ ಕೊಟ್ಟ ಲಿಖಿತ ಉತ್ತರದಲ್ಲಿ, ಇದು ಆಯ್ಕೆ ವಿಭಾಗದ ನಿರ್ಲಕ್ಷ್ಯ ಎಂದಿತ್ತು. ವಿಭಾಗದ ಮುಖ್ಯಸ್ಥೆಯ ಹೆಸರೂ ಇತ್ತು. ಪತ್ರಿಕೆಗಳು ಅದನ್ನೇ ಅಚ್ಚು ಹಾಕಿದವು. ಅಂಥವರ ಕೈಗೆ ಅಡುಗೆ ಪದಾರ್ಥ ಕೊಟ್ಟರೆ ಇನ್ನೇನಾಗುತ್ತದೆ ಎಂಬ ಮಾತು ಪೇಟೆಯ ಅಂಗಡಿಗಳಲ್ಲಿ ಕೇಳಿಬಂತು. ಮುದ್ದಮ್ಮನವರ ಮಗಳು ಧನುಶ್ರೀ ಆಗ ಮಾದಿಹಳ್ಳಿಯ ಶಾಲೆಯಲ್ಲಿ ಶಿಕ್ಷಕಿ. ಅವರು ಮುಟ್ಟಿದ ಬಿಸಿಯೂಟದ ಪಾತ್ರೆಯಿಂದ ತಮ್ಮ ಮಕ್ಕಳಿಗೆ ಬಡಿಸಬಾರದೆಂದು ಕೆಲವು ಪೋಷಕರು ಬಂದು ಹೇಳಿ ಹೋದರಂತೆ.

ರಜೆ ಮುಗಿದ ಮರುದಿನ ಮುದ್ದಮ್ಮನವರು ಎಂದಿನ ರೈಲಿಗೇ ಬಂದರು. ನನ್ನ ಕೋಣೆಯ ಬಾಗಿಲಲ್ಲಿ ನಿಂತು, ತಾವು ಬರೆದ ಹಾಳೆ ಎಲ್ಲಿದೆಯೆಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ.

“ಸರಿ ಬಿಡಿ ಸಿಂಧಮ್ಮ,” ಎಂದು ಹೇಳಿ ಕೆಲಸಕ್ಕೆ ಹೋದರು.

ಅನಂತರದ ಎರಡೂವರೆ ವರ್ಷ ಅವರು ಒಂದು ದಿನವೂ ತಪ್ಪಿಸಲಿಲ್ಲ, ನನ್ನೊಂದಿಗೆ ಕೆಲಸಕ್ಕೆ ಬೇಕಾದುದರ ಹೊರತು ಒಂದು ಮಾತನ್ನೂ ಆಡಲಿಲ್ಲ. ಬೇಲೂರಿನ ಅಂಗಡಿಗಳು ಮೊದಲು ಪೊಟ್ಟಣಗಳನ್ನು ಹಿಂದಿರುಗಿಸಿದವು. ಆಮೇಲೆ ಉಳಿದ ಊರುಗಳವೂ ಬಂದವು. ಹುರಿಯುವ ಮನೆಯ ಆರು ಒಲೆಗಳಲ್ಲಿ ಕೊನೆಗೆ ಒಂದು ಉರಿಯುತ್ತಿತ್ತು. ಮಾರ್ಚ್ ಕೊನೆಯ ದಿನ ಅದನ್ನೂ ಆರಿಸಿ, ಬಾಂಡಲೆ ತೊಳೆದು ಬೋರಲು ಹಾಕಿದ ಮೇಲೆಯೇ ಅವರು ಮನೆಗೆ ಹೊರಟದ್ದು. ನನ್ನ ತಾಯಿ ಗಾಲಿಕುರ್ಚಿಯಲ್ಲಿ ಗೇಟಿನವರೆಗೆ ಬಂದು ಅವರ ಕೈ ಹಿಡಿದುಕೊಂಡರು. ಹಾಳೆ ಹರಿದ ಸಂಗತಿ ತಾಯಿಗೆ ಗೊತ್ತಿಲ್ಲ. ಈ ಗ್ರಂಥ ಬಂದ ಮೇಲೆ ಗೊತ್ತಾಗುತ್ತದೆ.

ಈ ಲೇಖನದ ಮೊದಲ ಕರಡನ್ನು ಹಿಡಿದು ನಾನು ಬಾಣಾವರಕ್ಕೆ ಹೋದೆ. ಅವರ ಮನೆಯ ಒಳಗೆ ನಾನು ಹೋದದ್ದು ಅದೇ ಮೊದಲು. ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ತೀರಿಹೋದ ಪತಿ ತಮ್ಮಯ್ಯನವರ ಭಾವಚಿತ್ರ. ಓದುತ್ತ ಹಾಳೆ ಹರಿದ ಭಾಗಕ್ಕೆ ಬಂದಾಗ ಕರಡನ್ನು ಅವರ ಮಗಳ ಕೈಗೆ ಕೊಟ್ಟೆ. ಉಳಿದದ್ದನ್ನು ಧನುಶ್ರೀ ಓದಿದರು. ಎಲ್ಲ ಮುಗಿದ ಮೇಲೆ ಮುದ್ದಮ್ಮನವರು ನಿಧಾನವಾಗಿ ಹೇಳಿದರು:

“ಹೊಗಳೋ ಪುಸ್ತಕದಲ್ಲಿ ಬರುದ್ರೆ ಏನ್ ಬಂತು ಸಿಂಧಮ್ಮ. ನನ್ನೆಸ್ರು ಕೆಟ್ಟಿರದು ಆಫೀಸಿನ ಕಾಗ್ದದಲ್ಲಿ. ಅಲ್ಲಿಗೆ ಬರ್ಕೊಡಿ.”

ವಿಚಾರಣೆ ನಡೆಸಿದ ಕಚೇರಿಗೆ ಮರುದಿನವೇ ಬರೆದುಕೊಟ್ಟೆ. ಅಣ್ಣ ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾರೆ. ಏಳು ವಾರಗಳ ನಂತರ ಉತ್ತರ ಬಂದಿತು: ಸಂಬಂಧಪಟ್ಟ ಸಂಸ್ಥೆ ಈಗ ಅಸ್ತಿತ್ವದಲ್ಲಿ ಇಲ್ಲದ ಕಾರಣ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದ್ದು, ಕಡತವನ್ನು ಪುನಃ ತೆರೆಯಲು ಅವಕಾಶವಿಲ್ಲ. ಧನುಶ್ರೀ ಅದನ್ನು ತಾಯಿಗೆ ಎರಡು ಸಲ ಓದಿ ಹೇಳಿದರು. ನಾನು ಅಲ್ಲಿಯೇ ಕುಳಿತಿದ್ದೆ.

“ಕಂಪ್ನಿ ಇಲ್ಲ ಅಂತ ಬರ್ದವ್ರೆ,” ಎಂದರು ಮುದ್ದಮ್ಮ. “ನಾನ್ ಇದ್ದೀನಲ್ಲ.”

ಅವರು ನನ್ನನ್ನು ಕ್ಷಮಿಸಿದ್ದಾರೆಂದು ಓದುಗರು ತಿಳಿಯಬಾರದು, ಕ್ಷಮಿಸಿಲ್ಲ. ನಾನೂ ಕೇಳಿಲ್ಲ. ಮತ್ತೊಂದು ಅರ್ಜಿಯನ್ನು ಮೇಲಿನ ಕಚೇರಿಗೆ ಕಳಿಸಿದ್ದೇನೆ. ಅದಕ್ಕೂ ಇದೇ ಉತ್ತರ ಬರುವುದೆಂದು ಅಲ್ಲಿನ ಗುಮಾಸ್ತರೇ ಹೇಳಿದರು.

ಹಿರಿಯರೊಬ್ಬರನ್ನು ಗೌರವಿಸಿ ಬರೆಯುವವರು ಕೊನೆಯಲ್ಲಿ ಅವರಿಗೆ ದೀರ್ಘಾಯುಸ್ಸನ್ನು ಕೋರಿ, ಕೈಹಿಡಿದ ಕಾಯಕ ಮುಂದುವರಿಯಲೆಂದು ಹಾರೈಸುವುದುಂಟು. ಮುಂದುವರಿಸಲು ಕಾಯಕವನ್ನು ನಾವು ಉಳಿಸಿಲ್ಲ. ಆದ್ದರಿಂದ ಆಯುಸ್ಸನ್ನಷ್ಟೇ ಕೋರುತ್ತೇನೆ: ಆ ಕಡತ ತೆರೆದು, ಅದರೊಳಗಿನ ಹೆಸರು ಬದಲಾಗುವ ದಿನದವರೆಗೆ ಮುದ್ದಮ್ಮನವರು ಬಾಳಲಿ. ಅಂಥ ದಿನ ಬರುತ್ತದೆಂಬ ನಂಬಿಕೆ ನನಗಿಲ್ಲ.