ಸೀಟಿಗೆ ಕಪ್ಪು ಲೈನಿಂಗು

ಪೇಟೆಯವರು ಅವನನ್ನು ಕರೆಯುತ್ತಿದ್ದದ್ದೇ ‘ಕಾಣದ ಹೊಲಿಗೆ’ ಎಂದು. ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ, ಅದರ ಬಗ್ಗೆ ಅವನಿಗೆ ಬೇಸರವೂ ಇರಲಿಲ್ಲ. ಮೂವತ್ತೊಂದು ವರ್ಷದಿಂದ ಮೆಟ್ಟಿಲ ಕೆಳಗಿನ ಅದೇ ಅಂಗಡಿ, ಅದೇ ಕಾಲುಮೆಷಿನ್ನು, ಕೋಟು ಹೊಲಿಸಲು ಬಂದವರೆದುರು ಅದೇ ಬಡಾಯಿ. ಬಟ್ಟೆಯನ್ನೂ ಲೈನಿಂಗನ್ನೂ ಒಳಮುಖ ಮಾಡಿ ಸುತ್ತ ಹೊಲಿದು, ತೋಳಿನ ಲೈನಿಂಗಿನಲ್ಲಿ ಮಾತ್ರ ಒಂದಿಷ್ಟು ಬಿಚ್ಚಿಟ್ಟು, ಆ ಸಂದಿಯಿಂದ ಇಡೀ ಕೋಟನ್ನು ಎಳೆದು ಸರಿಮಗ್ಗುಲಿಗೆ ತಿರುಗಿಸುವುದು ಆ ಕಸುಬಿನ ರೀತಿ. ಬೇರೆಯವರು ಒಂದು ಗೇಣು ಬಿಡುತ್ತಿದ್ದರು. ಇವನು ನಾಲ್ಕೇ ಬೆರಳು. ಎದುರು ಸಾಲಿನ ಟೈಲರ ಕೆಲಸ ಕಂಡರೆ, “ಇದು ಹೊಲಿಗೆನೋ, ರೈಲು ಹಳಿನೋ?” ಎಂದು ಆ ಅಂಗಿ ತೊಟ್ಟು ಬಂದವನನ್ನೇ ಕೇಳುತ್ತಿದ್ದ.

ಇಂಥ ಜಾಣನಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ ಕಕ್ಕಸಿಗೆ ಕೂತಾಗ ರಕ್ತ ಬಿತ್ತು. ಮೂಲವ್ಯಾಧಿ ಎಂದು ತಾನೇ ತೀರ್ಪು ಕೊಟ್ಟುಕೊಂಡ. ಡಾಕ್ಟರಿಗೆ ತೋರಿಸಬೇಕೆಂದರೆ ಪ್ಯಾಂಟು ಬಿಚ್ಚಬೇಕು. ಪೇಟೆಯ ಅರ್ಧ ಗಂಡಸರ ಸೊಂಟ, ತೊಡೆಗಳಿಗೆ ಟೇಪು ಸುತ್ತಿದ ಮಹಾನುಭಾವನಿಗೆ ತನ್ನದನ್ನು ಒಬ್ಬರಿಗೆ ತೋರಿಸುವುದೆಂದರೆ ಪ್ರಾಣಸಂಕಟ. ಕೆಲವು ತಿಂಗಳ ಮೇಲೆ ರಕ್ತ ಪ್ಯಾಂಟಿಗೂ ಇಳಿಯತೊಡಗಿತು. ಬೇರೆಯವರಾಗಿದ್ದರೆ ಎದ್ದುಬಿದ್ದು ಆಸ್ಪತ್ರೆಗೆ ಓಡುತ್ತಿದ್ದರು. ನಮ್ಮ ಮಹಾರಾಯ ಕತ್ತರಿ ಕೈಗೆತ್ತಿಕೊಂಡ. ತನ್ನ ನಾಲ್ಕೂ ಪ್ಯಾಂಟಿನ ಸೀಟಿಗೆ ಒಳಗಿನಿಂದ ಎರಡು ಪದರ ಕಪ್ಪು ಲೈನಿಂಗು ಕೊಟ್ಟು ಹೊಲಿದುಕೊಂಡ. ಹೊರಗೆ ಒಂದು ನೂಲೆಳೆ ಕಾಣಲಿಲ್ಲ. ಹೀಗೆ ಒಂದು ವರ್ಷ ಊರಿನ ಕಣ್ಣಿಗೆ ಮಣ್ಣೆರಚಿಕೊಂಡು, ಒಳಗೊಳಗೇ ಬೀಗಿಕೊಂಡು ಓಡಾಡಿದ.

ಹೆಂಡತಿಯ ಕಣ್ಣಿಗೆ ಎರಚಲಾಗಲಿಲ್ಲ. ಅಂಗಡಿಯ ಕಾಜಾ, ಗುಂಡಿ, ಕೈಹೊಲಿಗೆಯೆಲ್ಲ ಅವಳದೇ. ಕಪ್ಪು ಕೋಟಿನ ಆರ್ಡರೇ ಇಲ್ಲದಾಗ ಕಪ್ಪು ಲೈನಿಂಗು ಯಾಕೆ ಕರಗುತ್ತಿದೆ ಎಂಬುದು ಒಂದು. ಮದುವೆಯಾದಾಗಿನಿಂದ ತನ್ನ ಕರ್ಚೀಫೂ ಒಗೆಯದವನು ಈಗ ಪ್ಯಾಂಟು ಒಗೆದುಕೊಳ್ಳುತ್ತಿರುವುದು ಎರಡು. ಅವನು ಸ್ನಾನಕ್ಕೆ ಹೋದಾಗ ಒಂದು ಪ್ಯಾಂಟನ್ನು ತಿರುವಿ ಹಾಕಿದಳು. ರಕ್ತ ಒಣಗಿ ಲೈನಿಂಗು ಅಟ್ಟೆಯಂತೆ ಗಟ್ಟಿಯಾಗಿತ್ತು.

“ಇದೇನ್ರೀ ಇದು?”

“ಮೂಲವ್ಯಾಧಿ. ನಿನಗ್ಯಾಕೆ ಅದೆಲ್ಲ?”

“ಇದಕ್ಕೂ ಕಾಣದ ಹೊಲಿಗೆನೇ ಹಾಕಿದ್ದೀರಲ್ಲ, ಶಭಾಷ್,” ಎಂದಳು. ಅಂಗಡಿಗೆ ಬೀಗ ಹಾಕಿ, ಆಟೋದಲ್ಲಿ ಕೂರಿಸಿ ಕರೆದುಕೊಂಡೇ ಹೋದಳು.

ಆಸ್ಪತ್ರೆಯವರು ಪ್ಯಾಂಟು ಬಿಚ್ಚಿಸಿದರು. ಪ್ರಾಣವೇನೂ ಹೋಗಲಿಲ್ಲ. ಕ್ಯಾಮೆರಾ ಬಿಟ್ಟು ನೋಡಿ, ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಗುದನಾಳದ ಕ್ಯಾನ್ಸರ್ ಎಂದರು. ಕರುಳಿನ ಗೋಡೆ ದಾಟಿ ಪಕ್ಕದ ಗಂಟುಗಳಿಗೂ ಇಳಿದಿದೆ, ಆರಂಭದ ಹಂತದಲ್ಲೇ ಬಂದಿದ್ದರೆ ಇಷ್ಟು ರಗಳೆ ಇರುತ್ತಿರಲಿಲ್ಲ ಎಂದರು. ಐದೂವರೆ ವಾರ ಮಾತ್ರೆಯ ಜೊತೆಗೆ ಕರೆಂಟು ಕೊಟ್ಟರು. ಆ ವಿಕಿರಣಕ್ಕೆ ಅಲ್ಲಿ ಕಾಯುತ್ತ ಕೂರುವವರೆಲ್ಲ ಕರೆಂಟು ಎಂದೇ ಹೇಳುವುದು. ಗಡ್ಡೆ ಕುಗ್ಗಿತು. ಎರಡು ತಿಂಗಳು ಬಿಟ್ಟು ಆಪರೇಷನ್ ಎಂದಾಯಿತು. ಪೇಟೆಯಲ್ಲಿ ಮಾತ್ರ ಕಾಣದ ಹೊಲಿಗೆಗೆ ಹರ್ನಿಯಾ. ಹರ್ನಿಯಾ ಅವನ ಲೆಕ್ಕದಲ್ಲಿ ಮರ್ಯಾದಸ್ಥರ ಕಾಯಿಲೆ.

ಆಪರೇಷನ್ ಮಾಡುವ ಸರ್ಜನ್ ಕೂಡ ಜಂಬದಲ್ಲಿ ಕಡಿಮೆ ಇರಲಿಲ್ಲ. ತಾನು ಮಾಡಿದ್ದರ ವಿಡಿಯೋಗಳನ್ನು ಕೇಳದವರಿಗೂ ತೋರಿಸುವ ಆಸಾಮಿ.

“ಹೊಕ್ಕುಳದ ಬಲಕ್ಕೆ ಒಂದೇ ತೂತು ಮಾಡ್ತೀನಿ. ಕ್ಯಾಮೆರಾ, ಕತ್ತರಿ ಎಲ್ಲಾ ಅದರಲ್ಲೇ ಹೋಗುತ್ತೆ. ಗಡ್ಡೆ ಇರೋ ಕರುಳೂ ಅದರಲ್ಲೇ ಆಚೆ ಬರುತ್ತೆ. ಕೊನೆಗೆ ಅಲ್ಲೇ ಕರುಳಿನ ಬಾಯಿ ತಂದು ಕೆಲವು ತಿಂಗಳಿಗೆ ಒಂದು ಚೀಲ ಅಂಟಿಸ್ತೀವಿ.”

“ಎಷ್ಟು ಬೆರಳು, ತೂತು?”

“ಎರಡೂವರೆ ಇರಬಹುದು.”

ಎರಡೂವರೆ ಬೆರಳಿನಲ್ಲಿ ಇಡೀ ಕೆಲಸ! ಟೈಲರ ಎದೆ ಉಬ್ಬಿತು. ತನ್ನ ಅಂತಸ್ತಿಗೆ ತಕ್ಕ ಡಾಕ್ಟರು ಸಿಕ್ಕ ಎಂದುಕೊಂಡ. ಚೀಲದ ಮಾತು ಕಿವಿಗೆ ಬೀಳಲೇ ಇಲ್ಲ.

ಆಪರೇಷನ್ನಿಗೆ ಹಿಂದಿನ ದಿನ ಮಧ್ಯಾಹ್ನ ನರ್ಸಮ್ಮ ಒಪ್ಪಿಗೆಯ ಕಾಗದ ತಂದಾಗ ಅದು ಕಣ್ಣಿಗೆ ಬಿತ್ತು. ಅಗತ್ಯವಾದರೆ ಹೊಟ್ಟೆ ತೆರೆಯಲಾಗುವುದು ಎಂದು ಒಂದು ಸಾಲು. ಹೊಟ್ಟೆಗೆ ಚೀಲ ಅಳವಡಿಸಲಾಗುವುದು ಎಂದು ಇನ್ನೊಂದು. ಅಳತೆ ಪುಸ್ತಕದಲ್ಲಿ ಬೇಡದ ಅಳತೆಯನ್ನು ಹೊಡೆದುಹಾಕುವಂತೆ ಎರಡಕ್ಕೂ ಅಡ್ಡಗೆರೆ ಎಳೆದು, ಕೆಳಗೆ ದುಂಡಗೆ ಸಹಿ ಹಾಕಿ ಕೊಟ್ಟ. ಐದೇ ನಿಮಿಷದಲ್ಲಿ ಸರ್ಜನ್ ಬಂದು ಮಂಚದ ಪಕ್ಕ ನಿಂತ.

“ನೀವೇ ಅಂದಿರಲ್ಲ, ಒಂದೇ ತೂತು ಅಂತ,” ಎಂದ ಟೈಲರು.

“ಅಂದೆ. ಒಳಗೆ ಅಂಟಿಕೊಂಡಿದ್ರೆ, ರಕ್ತ ನಿಲ್ಲದಿದ್ರೆ, ನಿಮ್ಮ ಗೆರೆ ನೋಡ್ಕೊಂಡು ನಿಂತಿರಲಾ? ಹಟ ನನಗೂ ಇದೆ ಯಜಮಾನ್ರೇ, ಆದ್ರೆ ಅದಕ್ಕೆ ನಿಮ್ಮ ಪ್ರಾಣ ಪಣಕ್ಕಿಡಲ್ಲ. ಆ ಎರಡು ಸಾಲಿಲ್ಲದೆ ನಾನು ಕೈ ಹಚ್ಚಲ್ಲ. ಐದು ಗಂಟೆವರೆಗೆ ಯೋಚನೆ ಮಾಡಿ. ಆಮೇಲೆ ನಾಳೆಯ ಜಾಗ ಬೇರೆಯವರಿಗೆ.”

“ಬೇರೆ ಆಸ್ಪತ್ರೆ ಇಲ್ಲವೇನು?” ಎಂದು ಟೈಲರು ಗೋಡೆಗೆ ಮುಖ ಮಾಡಿದ. ಗಡ್ಡೆ ಅಷ್ಟು ದಿನ ಕಾಯುವುದಿಲ್ಲವೆಂದು ಅವನಿಗೂ ಗೊತ್ತು. ಆದರೆ ಹೊಟ್ಟೆಯ ಮೇಲೆ ಮಲದ ಚೀಲ ನೇತು ಹಾಕಿಕೊಂಡು ಗಿರಾಕಿಯ ಎದುರು ನಿಲ್ಲುವುದಕ್ಕಿಂತ ಸಾಯುವುದೇ ಅವನಿಗೆ ಹಗುರವಾಗಿ ಕಂಡಿತು. ದಡ್ಡತನಕ್ಕೂ ಒಂದು ಮಿತಿ ಬೇಡವೇ?

ಹೆಂಡತಿ ಒಂದು ಮಾತೂ ಆಡದೆ ಹೊರಗೆ ಹೋದಳು. ನಾಲ್ಕೂವರೆಗೆ ವಾಪಸು ಬಂದು ಒಂದು ಕರಿ ಕೋಟನ್ನು ಮಂಚದ ಮೇಲೆ ಹಾಕಿದಳು. ಹತ್ತು ವರ್ಷದ ಹಿಂದಿನ ಒಬ್ಬ ವಕೀಲರ ಕೋಟು. ದಪ್ಪ ಬಟ್ಟೆ, ಭುಜಕ್ಕೆ ಗಟ್ಟಿ ಪ್ಯಾಡು. ನಾಲ್ಕು ಬೆರಳಿನ ಸಂದಿಯಿಂದ ಎಳೆಯುವಾಗ ಸಿಕ್ಕಿಕೊಂಡಿತ್ತು. ಅವಳು ಇನ್ನೊಂದು ತುದಿ ಹಿಡಿದಿದ್ದಳು. ಅವನು ಹಟಕ್ಕೆ ಬಿದ್ದು ಜಗ್ಗಿದ್ದ, ಭುಜದಿಂದ ಕಂಕುಳವರೆಗೆ ಹರಿದಿತ್ತು.

“ಇನ್ನೊಂದು ಗೇಣು ಬಿಚ್ಚೋಣ ಅಂತ ಅವತ್ತು ಬಡ್ಕೊಂಡೆ. ಕೇಳಿದ್ರಾ?”

ಅವನು ಕೋಟಿನ ಹರಿದ ಮಗ್ಗುಲನ್ನು ಕೆಳಮುಖ ಮಾಡಿಟ್ಟ.

“ವಕೀಲರಿಗೆ ಹೊಸ ಬಟ್ಟೆ ತಂದು ಇನ್ನೊಂದು ಹೊಲಿದು ಕೊಟ್ವಿ. ನಿಮ್ಮನ್ನ ಎಲ್ಲಿ ಹೊಲಿಸ್ಲಿ ನಾನು?” ಇಷ್ಟು ಹೇಳಿ ಆ ಕೋಟಿಗೇ ಮುಖ ಒತ್ತಿಕೊಂಡು ಅತ್ತಳು. ಪಕ್ಕದ ಮಂಚದವರು ಪೇಪರು ಮಡಚಿಟ್ಟು ನೋಡುತ್ತಿದ್ದರು. ಅವಳಿಗೆ ಅದರ ಪರಿವೆ ಇರಲಿಲ್ಲ.

ಟೈಲರು ಹರಿದ ಭುಜದ ಮೇಲೆ ಬೆರಳಾಡಿಸಿದ. ಐದಕ್ಕೆ ಹತ್ತು ನಿಮಿಷವಿದ್ದಾಗ ನರ್ಸಮ್ಮನನ್ನು ಕರೆದು, ಹೊಸ ಕಾಗದ ಕೊಡಮ್ಮ ಎಂದ.

ಮರುದಿನ ಒಂದು ತೂತಿನಿಂದಲೇ ಶುರುವಾಯಿತು. ಮೂರು ಗಂಟೆ ಕಳೆದ ಮೇಲೆ, ಕೆಳಗೆ ಆಳದಲ್ಲಿ, ಕರೆಂಟಿಗೆ ಸುಟ್ಟು ಗಟ್ಟಿಯಾದ ಜಾಗದಲ್ಲಿ ಕತ್ತರಿ ಮುಂದಕ್ಕೆ ಹೋಗಲಿಲ್ಲ. ಸರ್ಜನ್ ತನ್ನ ವಿಡಿಯೋ ನಿಲ್ಲಿಸಿ, ಹೊಕ್ಕುಳದ ಕೆಳಗೆ ಒಂದು ಗೇಣು ತೆರೆದು ಗಡ್ಡೆಯನ್ನು ಪೂರ್ತಿ ತೆಗೆದ. ಅಂಚಿನಲ್ಲಿ ಕ್ಯಾನ್ಸರ್ ಉಳಿದಿಲ್ಲವೆಂದು ವರದಿಯೂ ಬಂತು. ಆ ಎರಡು ಗೆರೆ ಹಾಗೇ ಉಳಿದಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

ಐದನೆಯ ದಿನ ಟೈಲರು ತಲೆ ಎತ್ತಿ ಹೊಟ್ಟೆ ನೋಡಿಕೊಂಡ.

“ಡಾಕ್ಟ್ರೇ, ಹೊಲಿಗೆಗೆ ಹದಿನಾರು ಪಿನ್ನಿದೆ. ಮೇಲಿಂದ ಏಳನೇದು ಓರೆ.”

“ಕಾಣದ ಹೊಲಿಗೆ ಬೇಕಿದ್ರೆ ಒಂದು ವರ್ಷ ಮೊದಲು ಬರಬೇಕಿತ್ತು,” ಎಂದ ಸರ್ಜನ್. ಹೆಂಡತಿಗೆ ನಗು ತಡೆಯಲಾಗಲಿಲ್ಲ.

ಎರಡು ತಿಂಗಳ ಮೇಲೆ ಅಂಗಡಿ ಬಾಗಿಲು ತೆರೆಯಿತು. ಚೀಲ ತೆಗೆಯಲು ಇನ್ನೂ ಸಮಯವಿತ್ತು. ಅದು ಕಾಣದ ಹಾಗೆ ಸಡಿಲ ಅಂಗಿಗಳನ್ನು ಹೊಲಿದುಕೊಂಡಿದ್ದ, ಬುದ್ಧಿ ಎಲ್ಲಿಗೆ ಹೋಗುತ್ತೆ! ಹರ್ನಿಯಾ ಹೇಗಿದೆ ಎಂದು ಕೇಳಿದವರಿಗೆಲ್ಲ ವಾಸಿ ಎನ್ನುತ್ತಿದ್ದ.

ಒಂದು ಬೆಳಿಗ್ಗೆ ಶಾಲೆಯ ಹೆಡ್‌ಮಾಸ್ತರು ಪ್ಯಾಂಟು ಹೊಲಿಸಲು ಬಂದರು. ಮೊದಲಿಗಿಂತ ಸೊರಗಿದ್ದರು. ಟೈಲರು ಸೊಂಟಕ್ಕೆ ಟೇಪು ಸುತ್ತಿದ. ಹಳೆಯ ಅಳತೆಗಿಂತ ಎರಡು ಇಂಚು ಕಡಿಮೆ. ಹೆಡ್‌ಮಾಸ್ತರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

“ಸೀಟಿಗೆ ಒಳಗಿಂದ ಒಂದು ಲೈನಿಂಗು ಕೊಟ್ಬಿಡಿ. ಕಪ್ಪು ಬಟ್ಟೆ ಇರ್ಲಿ. ದಪ್ಪಗೆ.”

ಕಾಜಾ ಹಾಕುತ್ತಿದ್ದ ಹೆಂಡತಿಯ ಸೂಜಿ ನಿಂತಿತು. ಟೈಲರ ಕೈಯಿಂದ ಟೇಪು ಜಾರಿತು.

“ಎಷ್ಟು ದಿನದಿಂದ ಸಾರ್?”

“ಏನಿಲ್ಲ ಬಿಡಿ. ಮೂಲವ್ಯಾಧಿ.”

“ನನಗೂ ಅದೇ ಇತ್ತು, ಒಂದು ವರ್ಷ,” ಎಂದು ಟೈಲರು ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದ. ಒಂದು ಗೇಣಿನ ಹೊಲಿಗೆಯ ಕಲೆ, ಪಕ್ಕದಲ್ಲಿ ಚೀಲ, ಎರಡನ್ನೂ ಹಾಡುಹಗಲಲ್ಲಿ ಹೆಡ್‌ಮಾಸ್ತರ ಕಣ್ಣೆದುರು ಹಿಡಿದ. ಅವನ ಮುಖ ನಾಚಿಕೆಯಿಂದ ಕೆಂಪಾಗಿತ್ತು, ಆದರೂ ಅಂಗಿ ಮುಚ್ಚಿಕೊಳ್ಳಲಿಲ್ಲ.

“ಲೈನಿಂಗು ಹಾಕಿಕೊಡಲ್ಲ ಸಾರ್,” ಎಂದ. “ನಡೀರಿ ಆಸ್ಪತ್ರೆಗೆ, ನಾನೂ ಬರ್ತೀನಿ.”

ಹೆಂಡತಿ ಅಷ್ಟರಲ್ಲಾಗಲೇ ಎದ್ದು ಅಂಗಡಿಯ ಬೀಗ ಹುಡುಕುತ್ತಿದ್ದಳು.